ಮನೆಯ ನಿರ್ಮಲತೆಯೂ ಅದು ನೆಲೆಗೊಳ್ಳುವ ಬಗೆಯೂ

ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ನಮ್ಮ ಮಾಜಿ ವಿದ್ಯಾರ್ಥಿನಿಯರಲ್ಲಿ ಬಹುಜನರು ಈಗ ಮನೆಯೊಡತಿಯರಾಗಿರುವರು. ಕೆಲವರು ಅತ್ತೆಯರೂ ಅಜ್ಜಿಯರೂ ಆಗಿರುವರು. ಪಾಲಕರಲ್ಲಿ ಅನೇಕರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಸೀಮೆಗಳ ಒಕ್ಕಲು ಮನೆತನದವರು. ಇಂಥವರ ಮುಂದೆ ನಿಂತು, ಮನೆಯನ್ನು ಗುಡಿಸಬೇಕು, ಪಾತ್ರೆಗಳನ್ನು ಬೆಳಗಬೇಕು ಎಂದು ಉಪದೇಶ ಮಾಡುವದು ಮೀನಿಗೆ ಈಜು ಕಲಿಸಹೋದಂತೆ ಆದೀತು. ಸೂರ್ಯೋದಯಕ್ಕೆ ಮುಂಚೆ ಅಂಗಳಕ್ಕೆ ಸಗಣಿಯ ನೀರು ಚಳೆ ಹೊಡೆದು ರಂಗೋಲಿ ಹಾಕದ ಮನೆಯು ನಮ್ಮ ನಾಡಿನಲ್ಲಿ ವಿರಳ. ನಿರ್ಮಲತೆಯೆಂದರೇನೆಂಬದು ನಮ್ಮ ಹೆಂಗಸರಿಗೆ ಗೊತ್ತಿಲ್ಲವೆಂದು ಹೇಳುವವರು ನಮ್ಮ ಹಳ್ಳಿಗಳನ್ನು ನೋಡಿದವರಲ್ಲ.

ಆದುದರಿಂದ ನಾವು ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಬೇರೆ. ಮಹಾನವಮಿಯು ಹತ್ತಿರ ಬಂತೆಂದರೆ ಮನೆಯಲ್ಲಿರುವ ಕೌದಿ, ಹಾಸಿಗೆ, ಗುಡಾರಗಳೆಲ್ಲವೂ ಹಳ್ಳಕ್ಕೆ ಹೋಗಿ ಒಗೆಯಲ್ಪಡುವವು. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಆಗುವದು. ಜಂತಿಯ ಮೇಲಿನ ಜೇಡರ ಬಲೆಯು ಹೋಗುವದು. ನೆಲುವಿನ ಗಡಿಗೆಗಳು ಕೂಡ ಕೆಳಗಿಳಿದು ಮೈ ತೊಳೆದುಕೊಳ್ಳುವವು. ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮುಂಚೆಯೂ ಮುಸಲ್ಮಾನರ ಮನೆಗಳಲ್ಲಿ ರಮಜಾನಿನ ಹಬ್ಬಕ್ಕೆ ಮುಂಚೆಯೂ ಇದೇ ಸಂಭ್ರಮ. ಇಷ್ಟೆಲ್ಲ ಶ್ರಮಪಟ್ಟು ಚೊಕ್ಕಟ ಮಾಡಿದ ಮನೆಯು ಹದಿನೈದು ದಿನಗಳೊಳಗೆ ಮೊದಲಿನಂತೆಯೇ ಆಗುವದೇಕೆ? ನಮ್ಮ ವಸತಿಗೃಹದಲ್ಲಿ ಐದು ವರ್ಷ ತಪ್ಪದೆ ಅಚ್ಚುಕಟ್ಟಾಗಿ ನಡೆದುಕೊಂಡ ಹುಡುಗಿಯು ಬೇಸಿಗೆಯ ರಜೆಗೆ ಊರಿಗೆ ಹೋದ ಎಂಟನೆಯ ದಿನಕ್ಕೆ ಅದನ್ನೆಲ್ಲ ಮರೆಯುವದೇಕೆ? ಸೋಮಾರಿತನವೆಂದು ಉತ್ತರ ಕೊಡುವದು ಸುಲಭ. ಆದರೆ ಅದು ನಿಜವಲ್ಲ. ನಿಜವಾದ ಕಾರಣವನ್ನು ತಿಳಿದರೆ ಉಪಾಯವೂ ತಿಳಿಯುವದು.

೧. ನಮ್ಮ ಸೀಮೆಯ ಮನೆ

ಮೊದಲು ನಮ್ಮ ಮನೆಗಳು ಯಾವುದರೊಡನೆ ಹೋರಾಡಬೇಕಾಗಿದೆ ಎಂಬದನ್ನು ನೋಡೋಣ. ಭೀಮಾ ನದಿಯಿಂದ ಕೃಷ್ಣಾ ನದಿಯ ವರೆಗೆ ಹರಡಿರುವ ಈ ನಾಡು ಎರೆಮಣ್ಣಿನ ಬಯಲು. ನಡುವೆ ಹರಿಯುವ ಡೋಣಿಯ ನೀರು ಸವಳು. ಆದರೆ ಅದರ ದಂಡೆಯ ಎರೆಯು ಬಂಗಾರದಂಥದು. ಡೋಣಿ ಬೆಳೆದರೆ ಓಣಿ ತುಂಬ ಜೋಳವೆಂದು ಹಿರಿಯರು ಆಡುತ್ತಿದ್ದರು. ಇದೇ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಸೇರುಗಟ್ಟಲೆ ಅಂಟಿಕೊಂಡು ಪಡಸಾಲೆಯ ವರೆಗೆ ಬರುವದು. ಬೇಸಿಗೆಯಲ್ಲಿ ಧೂಳಾಗಿ ಬೆಳಕಿಂಡಿಯಿಂದ ಇಳಿಯುವದು. ಮಳೆಯು ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಲ್ಲುವದರಿಂದ ನೀರಿಗೆ ಯಾವಾಗಲೂ ಬಡತನ. ನೀರಿನ ಬಡತನವಿದ್ದಲ್ಲಿ ತೊಳೆಯುವ ಕೆಲಸವು ಮುಂದಕ್ಕೆ ಬೀಳುವದು ಸಹಜ.

ಹಳೆಯ ಮಣ್ಣಿನ ಮಾಳಿಗೆಯ ಮನೆಯನ್ನು ನೆನಪಿಗೆ ತಂದುಕೊಳ್ಳಿರಿ. ತಲೆಬಾಗಿಲು ದಾಟಿದೊಡನೆ ಎತ್ತುಗಳ ಗ್ವಾದಲಿ. ಅದಕ್ಕೆ ಹತ್ತಿ ಎತ್ತರದ ಪಡಸಾಲೆ. ಒಳಗೆ ಕತ್ತಲೆಯ ಅಡಿಗೆಮನೆ, ಅದರ ಮೂಲೆಯಲ್ಲಿ ಬಚ್ಚಲು. ದನ, ಧಾನ್ಯ, ಮನುಷ್ಯ ಮೂರೂ ಒಂದೇ ಸೂರಿನ ಕೆಳಗೆ. ಕಳ್ಳಕಾಕರ ಭಯವಿದ್ದ ಕಾಲದಲ್ಲಿ ಒಕ್ಕಲಿಗನ ಸರ್ವಸ್ವವಾದ ಎತ್ತುಗಳನ್ನು ಹೀಗೆ ಕಣ್ಣೆದುರಿಗೆ ಕಟ್ಟಿಕೊಂಡದ್ದರಲ್ಲಿ ವಿವೇಕವಿತ್ತು. ಆದರೆ ದನವಿದ್ದಲ್ಲಿ ನೊಣ, ಧಾನ್ಯವಿದ್ದಲ್ಲಿ ಇಲಿ, ಹೊಗೆಯಿದ್ದಲ್ಲಿ ಕೆಮ್ಮು ಎಂಬದನ್ನು ತಪ್ಪಿಸಲಾಗುತ್ತಿರಲಿಲ್ಲ. ಈಗ ಅನೇಕರು ಸಿಮೆಂಟಿನ ಮನೆಯನ್ನು ಕಟ್ಟಿಕೊಂಡಿರುವರು. ನಳವೂ ಗ್ಯಾಸಿನ ಒಲೆಯೂ ಬಂದಿರುವವು. ಮನೆಯು ಬದಲಾಯಿತು, ಧೂಳು ಬದಲಾಗಲಿಲ್ಲ, ನೊಣವೂ ಬದಲಾಗಲಿಲ್ಲ. ಹಳೆಯ ಮನೆಗೆ ತಕ್ಕ ರೂಢಿಗಳು ಹೊಸ ಮನೆಯಲ್ಲಿ ಬಿದ್ದುಹೋದವು. ಹೊಸ ಮನೆಗೆ ತಕ್ಕ ರೂಢಿಗಳು ಇನ್ನೂ ಹುಟ್ಟಬೇಕಾಗಿವೆ. ನಮ್ಮ ಕಾಲದ ತೊಡಕು ಇದೇ.

ಹಳೆಯದೆಲ್ಲ ಹೊಲಸು, ಹೊಸದೆಲ್ಲ ಚೊಕ್ಕಟ ಎಂದು ತಿಳಿಯಕೂಡದು. ಊರ ಹೊರಗೆ ನೆಲದೊಳಗೆ ತೋಡಿದ ಹಗೇವುಗಳಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚುತ್ತಿದ್ದ ಹಿರಿಯರು ಇಲಿಗೆ ಮನೆಯೊಳಗೆ ಔತಣವಿಡಲಿಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಒಂದೆರಡು ವರ್ಷಗಳಲ್ಲಿ ನಮ್ಮ ಕರ್ನಾಟಕದ ಊರುಗಳಿಗೂ ಹಬ್ಬಿದಾಗ ಜನರು ಮನೆಮಠಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿಯ ಮೈಮೇಲಿನ ಚಿಗಟವೇ ಆ ರೋಗವನ್ನು ಹೊತ್ತು ತರುವದೆಂದು ಫ್ರೆಂಚ್ ವೈದ್ಯ ಸಿಮೊನ್ನನು ಕಂಡುಹಿಡಿದದ್ದು ೧೮೯೮ರಲ್ಲಿ. ಇಲಿ ಬಿದ್ದ ಮನೆಯನ್ನು ಬಿಡಬೇಕೆಂಬ ತಿಳಿವಳಿಕೆಯು ನಮ್ಮ ಅಜ್ಜಿಯರಿಗೆ ಪುಸ್ತಕದಿಂದ ಬಂದುದಲ್ಲ.

೨. ಒಂದು ಬಟ್ಟೆಯ ತುಂಡು ಮಾಡಿದ ಕಾರ್ಯ

ರೂಢಿಯ ಬಲವೇನೆಂಬದನ್ನು ತೋರಿಸಲು ನಮ್ಮ ಜಿಲ್ಲೆಯದೇ ಒಂದು ದೃಷ್ಟಾಂತ ಸಾಕು. ನಾರುಹುಣ್ಣು ಎಂಬ ಹೆಸರನ್ನು ಇಂದಿನ ಮಕ್ಕಳು ಕೇಳಿರಲಾರರು. ಅವರ ಅಜ್ಜಂದಿರ ಕಾಲುಗಳಲ್ಲಿ ಅದರ ಕಲೆಯನ್ನು ನಾವು ಕಂಡಿರುವೆವು. ವಿಜಾಪುರ ಜಿಲ್ಲೆಯು, ಅಂದರೆ ೨೦೧೪ರಿಂದ ವಿಜಯಪುರವೆನಿಸಿಕೊಂಡ ಈ ಜಿಲ್ಲೆಯು, ಆ ರೋಗದ ಹಳೆಯ ಬೀಡುಗಳಲ್ಲೊಂದಾಗಿತ್ತು. ಅದಕ್ಕೆ ಕಾರಣ ನಮ್ಮ ಹೊಕ್ಕು ತುಂಬುವ ಬಾವಿಗಳು.

ಅದರ ಕ್ರಮವು ಹೀಗೆ. ಕಾಲಿನಲ್ಲಿ ನಾರುಹುಣ್ಣಾದವನು ನೀರು ತುಂಬಲು ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುವನು. ಹುಣ್ಣಿನಲ್ಲಿರುವ ಹೆಣ್ಣು ಹುಳವು ತನ್ನ ಮರಿಗಳನ್ನು ಸಾವಿರಗಟ್ಟಲೆ ನೀರಿಗೆ ಬಿಡುವದು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಒಂದು ನೀರುಚಿಗಟವು ಆ ಮರಿಗಳನ್ನು ನುಂಗುವದು. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಯಲ್ಲಿ ಚಿಗಟವು ಜೀರ್ಣವಾಗುವದು, ಹುಳವಿನ ಮರಿಯು ಉಳಿಯುವದು. ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ದಾರದಂಥ ಹುಳವು ಕಾಲಿನ ಚರ್ಮವನ್ನು ಒಡೆದುಕೊಂಡು ಹೊರಬೀಳುವದು. ಉರಿ ತಾಳಲಾರದೆ ರೋಗಿಯು ಮತ್ತೆ ಕಾಲನ್ನು ನೀರಿಗಿಡುವನು. ಚಕ್ರವು ಮತ್ತೊಂದು ಸುತ್ತು ತಿರುಗುವದು. ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯುತ್ತ ವಾರಗಟ್ಟಲೆ ಮಲಗಬೇಕಾಗುತ್ತಿತ್ತು. ಬಿತ್ತುವ ಕಾಲಕ್ಕೆ ಹಾಸಿಗೆ ಹಿಡಿದ ಒಕ್ಕಲಿಗನ ಮನೆಯಲ್ಲಿ ಆ ವರ್ಷದ ಅನ್ನದ ಗತಿಯೇನು?

ಇದಕ್ಕೆ ಆಗಲೂ ಔಷಧವಿರಲಿಲ್ಲ, ಲಸಿಕೆಯಿರಲಿಲ್ಲ, ಈಗಲೂ ಇಲ್ಲ. ಆದರೂ ರೋಗವು ಹೋಯಿತು. ೧೯೮೩-೮೪ರಲ್ಲಿ ಭಾರತ ಸರಕಾರವು ಇದರ ನಿರ್ಮೂಲನಕ್ಕೆ ಕೈಹಾಕಿತು. ೧೯೮೪ರಲ್ಲಿ ದೇಶದಲ್ಲಿ ಸುಮಾರು ೪೦,೦೦೦ ಜನ ರೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲ ಬಾವಿಗಳನ್ನು ಮುಚ್ಚಿ ಸೇದುವ ಬಾವಿಗಳನ್ನಾಗಿ ಮಾಡಿದರು, ಕೊಳವೆ ಬಾವಿಗಳನ್ನು ತೋಡಿದರು, ನೀರುಚಿಗಟವನ್ನು ಕೊಲ್ಲುವ ಔಷಧವನ್ನು ಬಾವಿಗಳಿಗೆ ಹಾಕಿದರು. ಮನೆಯೊಳಗಿನ ಕೆಲಸವಾದರೋ ಒಂದೇ: ಕೊಡದ ಬಾಯಿಗೆ ನುಣುಪಾದ ಬಟ್ಟೆಯನ್ನು ಇಮ್ಮಡಿಯಾಗಿ ಕಟ್ಟಿ ನೀರನ್ನು ಸೋಸಿಕೊಳ್ಳುವದು. ೧೯೯೬ರ ಜುಲೈ ತಿಂಗಳಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ದೇಶದ ಕಡೆಯವನು. ೨೦೦೦ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣು ಇಲ್ಲದ ದೇಶವೆಂದು ಸಾರಿತು.

ಈ ಒಂದು ರೂಢಿಯು ಲಕ್ಷಾಂತರ ಮನೆಗಳಲ್ಲಿ ನಿಂತದ್ದು ಹೇಗೆಂಬದನ್ನು ಪರೀಕ್ಷಿಸಿ ನೋಡಿರಿ. ಮೊದಲನೆಯದಾಗಿ, ಕೆಲಸವು ಚಿಕ್ಕದಾಗಿತ್ತು. ಎರಡನೆಯದಾಗಿ, ಅದು ದಿನವೂ ತಪ್ಪದೆ ನಡೆಯುವ ಇನ್ನೊಂದು ಕೆಲಸಕ್ಕೆ, ಅಂದರೆ ನೀರು ತುಂಬುವದಕ್ಕೆ, ಕಟ್ಟಿಕೊಂಡಿತ್ತು. ಮೂರನೆಯದಾಗಿ, ಬಟ್ಟೆಯು ಪೆಟ್ಟಿಗೆಯಲ್ಲಿರದೆ ಕೊಡದ ಬಾಯಿಯ ಮೇಲೆಯೇ ಇರುತ್ತಿತ್ತು. ಸೋಸದೆ ತುಂಬಬೇಕಾದರೆ ಅದನ್ನು ಬಿಚ್ಚುವದೇ ಹೆಚ್ಚಿನ ಕೆಲಸವಾಗುತ್ತಿತ್ತು. ನಾಲ್ಕನೆಯದಾಗಿ, ಅದು ಒಬ್ಬರ ಮನೆಯ ಗುಟ್ಟಾಗಿರದೆ ಓಣಿಯ ಎಲ್ಲರ ನಡೆಯಾಗಿತ್ತು. ಮನೆಯ ನಿರ್ಮಲತೆಯ ಯಾವ ರೂಢಿಯೇ ಆಗಲಿ, ಈ ನಾಲ್ಕು ಕಾಲುಗಳ ಮೇಲೆ ನಿಂತರೆ ಬೀಳುವದಿಲ್ಲ; ಒಂದು ಕಾಲು ಮುರಿದರೂ ಮಂಚವು ಓಲಾಡುವದು.

೩. ರೂಢಿಯು ಬೇರೂರುವ ಬಗೆ

ಶಿಕ್ಷಕಿಯರಾಗಲು ತರಬೇತಿ ಪಡೆಯುವವರೆಲ್ಲರೂ ಅಮೇರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನ ಹೆಸರನ್ನು ಕೇಳಿರುವರು. ಆತನು ೧೮೯೦ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ರೂಢಿಯನ್ನು ಕುರಿತೇ ಒಂದು ಅಧ್ಯಾಯವಿದೆ. ಹೊಸ ರೂಢಿಯು ಗಟ್ಟಿಯಾಗಿ ಬೇರೂರುವ ವರೆಗೆ ಒಂದು ಸಾರಿಯೂ ತಪ್ಪಕೂಡದೆಂಬದು ಆತನ ಮತ. ಶಿಸ್ತಿನ ಶಾಲೆಗಳಿಗೆ ಈ ಮತವು ಬಹಳ ಮೆಚ್ಚಿಗೆಯಾಯಿತು. ಆದರೆ ಇದರಿಂದ ಒಂದು ಕೇಡೂ ಉಂಟಾಯಿತು: ಒಂದು ದಿನ ತಪ್ಪಿದವರು, ಇನ್ನು ಎಲ್ಲವೂ ಕೆಟ್ಟಿತೆಂದು ಪೂರ್ತಿಯಾಗಿ ಕೈಬಿಟ್ಟರು.

ಲಂಡನ್ನಿನ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಫಿಲಿಪ್ಪಾ ಲ್ಯಾಲಿ ಎಂಬ ವಿದುಷಿಯೂ ಅವರ ಸಂಗಡಿಗರೂ ೯೬ ಜನರನ್ನು ೧೨ ವಾರಗಳ ವರೆಗೆ ಪರೀಕ್ಷಿಸಿ ೨೦೦೯ರಲ್ಲಿ ಹೊರಗೆಡಹಿದ ಫಲಿತಾಂಶವು ಇದಕ್ಕೆ ತಕ್ಕ ತಿದ್ದುಪಡಿಯನ್ನು ಒದಗಿಸಿದೆ. ಪ್ರತಿಯೊಬ್ಬರೂ ಒಂದು ಚಿಕ್ಕ ಹೊಸ ಕೆಲಸವನ್ನು ಆರಿಸಿಕೊಂಡು, ಊಟವಾದ ಮೇಲೆ ಎಂದಾಗಲಿ ಬೆಳಗಿನ ಉಪಾಹಾರದ ಮೇಲೆ ಎಂದಾಗಲಿ, ದಿನದ ಒಂದು ಗೊತ್ತಾದ ಘಟ್ಟಕ್ಕೆ ಅದನ್ನು ಕಟ್ಟಿಕೊಂಡರು. ಕೆಲಸವು ನೆನಪಿಸಿಕೊಳ್ಳದೆ ತಾನಾಗಿ ನಡೆಯುವ ಹದಕ್ಕೆ ಬರಲು ಕೆಲವರಿಗೆ ೧೮ ದಿನ ಸಾಕಾದವು. ಕೆಲವರಿಗೆ ೨೫೪ ದಿನ ಬೇಕಾಗಬಹುದೆಂದು ಲೆಕ್ಕ ಕಟ್ಟಿದರು. ನಟ್ಟನಡುವಿನ ಲೆಕ್ಕ ೬೬ ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ.

ಇದರಿಂದ ನಮ್ಮ ಮನೆವಾರ್ತೆಗೆ ಮೂರು ಪಾಠಗಳು ದೊರೆಯುವವು. ಹಬ್ಬದ ಸ್ವಚ್ಛತೆಯು ವರ್ಷಕ್ಕೆರಡು ಸಾರಿ ಮಾತ್ರ ಬರುವದರಿಂದ ಅದು ಎಂದಿಗೂ ರೂಢಿಯಾಗಲಾರದು. ಅದು ಬೆಳೆ ಬಂದ ಹೊಲದಲ್ಲಿ ಒಂದೇ ದಿನ ಎಡೆ ಹೊಡೆದಂತೆ. ಎರಡನೆಯದು, ಹೊಸ ರೂಢಿಗೆ ಎರಡು ತಿಂಗಳಾದರೂ ಕಾಲ ಕೊಡಬೇಕು. ಹದಿನೈದು ದಿನಗಳಲ್ಲಿ ನಿಲ್ಲಲಿಲ್ಲವೆಂದು ಎದೆಗುಂದಬಾರದು. ಸುಗ್ಗಿಯ ದಿನ, ಬಾಣಂತನ, ಜ್ವರ, ಮದುವೆ ಇವುಗಳಲ್ಲಿ ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಹಿಡಿಯುವದೇ ಸರಿ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ರೂಢಿಯು ಮನಸ್ಸಿನ ನಿಶ್ಚಯದಲ್ಲಿ ವಾಸಿಸುವದಕ್ಕಿಂತ ಹೆಚ್ಚಾಗಿ ಸ್ಥಳದಲ್ಲಿಯೂ ಹೊತ್ತಿನಲ್ಲಿಯೂ ವಾಸಿಸುವದು. ವಸತಿಗೃಹದ ಹುಡುಗಿಯು ಊರಿನಲ್ಲಿ ತನ್ನ ನಡೆಯನ್ನು ಮರೆಯುವದೇಕೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಇಲ್ಲಿ ಗಂಟೆಯು ಬಾರಿಸಿದೊಡನೆ ಕಸಬರಿಗೆಯು ಮೊಳೆಯಲ್ಲಿ ತೂಗುತ್ತಿರುವದು. ಸಾಬೂನು ಬಚ್ಚಲ ಗೂಡಿನಲ್ಲಿರುವದು. ಊರಿನಲ್ಲಿ ಗಂಟೆಯಿಲ್ಲ, ಮೊಳೆಯಿಲ್ಲ, ಸಾಬೂನು ಕಪಾಟಿನೊಳಗೆ, ಅದರ ಕೀಲಿಕೈ ಅಜ್ಜಿಯ ಸೆರಗಿನಲ್ಲಿ. ಹುಡುಗಿಯ ಗುಣವು ಕೆಡಲಿಲ್ಲ. ಗುಣವನ್ನು ಹಿಡಿದು ನಿಲ್ಲಿಸುವ ಗೂಟವು ಅಲ್ಲಿರಲಿಲ್ಲ. ಮೊಳೆಯನ್ನು ಹೊಡೆಯಿರಿ, ಕಸಬರಿಗೆಯು ತಾನಾಗಿ ಕೈಗೆ ಬರುವದು.

೪. ದಿನದ ಕೆಲಸ, ವಾರದ ಕೆಲಸ, ವರ್ಷದ ಕೆಲಸ

ಎಲ್ಲವನ್ನೂ ಒಮ್ಮೆಗೇ ಹಿಡಿಯುವವರು ಯಾವುದನ್ನೂ ಹಿಡಿಯಲಾರರು. ಆದುದರಿಂದ ಕೆಲಸಗಳನ್ನು ಮೂರು ವಿಭಾಗಗಳಾಗಿ ಮಾಡಿಕೊಳ್ಳುವದು ಲೇಸು.

ದಿನದ ಕೆಲಸಗಳಲ್ಲಿ ಮೊದಲನೆಯದು ಕುಡಿಯುವ ನೀರು. ಬಟ್ಟೆಯಿಂದ ಸೋಸಿದರೆ ನೀರುಚಿಗಟವು ನಿಲ್ಲುವದು. ಆದರೆ ವಾಂತಿಭೇದಿಯ ಸೂಕ್ಷ್ಮಜೀವಿಗಳು ನಿಲ್ಲಲಾರವು. ಅವಕ್ಕೆ ನೀರನ್ನು ಕೊತಕೊತನೆ ಒಂದು ನಿಮಿಷ ಕುದಿಸಬೇಕು. ಕುದಿಸಿದ ನೀರಿನ ಹರಿವಿಯೊಳಗೆ ಬೆರಳಿನ ಸಹಿತ ತಂಬಿಗೆಯನ್ನು ಅದ್ದಿದರೆ ಕುದಿಸಿದ್ದು ವ್ಯರ್ಥ. ಬಾಯಿಗೆ ಮುಚ್ಚಳ, ಮುಚ್ಚಳದ ಮೇಲೆ ಉದ್ದ ಹಿಡಿಕೆಯ ಸೌಟು, ಅಥವಾ ಬುಡದಲ್ಲಿ ನಲ್ಲಿಯಿರುವ ಪಾತ್ರೆ ಇಷ್ಟಿದ್ದರೆ ಸಾಕು. ಸೌಟಿಗೆ ಹರಿವಿಯ ಪಕ್ಕದಲ್ಲಿಯೇ ಒಂದು ಮೊಳೆ ಹೊಡೆಯಬೇಕೆಂಬದನ್ನು ಪುನಃ ಹೇಳಬೇಕಾಗಿಲ್ಲ.

ಎರಡನೆಯದು ಕೈ. ೧೮೪೭ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮಲ್‌ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವವರು ಕ್ಲೋರಿನ್ ಬೆರೆಸಿದ ನೀರಿನಿಂದ ಕೈ ತೊಳೆಯಬೇಕೆಂದು ವಿಧಿಸಿದೊಡನೆ ಬಾಣಂತಿಯರ ಮರಣವು ಬಹಳವಾಗಿ ಇಳಿಯಿತು. ನಮ್ಮ ಊರುಗಳಲ್ಲಿ ಉಂಡ ಮೇಲೆ ಕೈ ತೊಳೆಯುವದನ್ನು ಯಾರೂ ಮರೆಯುವದಿಲ್ಲ. ರೊಟ್ಟಿಯ ಹಿಟ್ಟಿಗೆ ಕೈಹಾಕುವ ಮುಂಚೆ, ಮಗುವಿಗೆ ಉಣ್ಣಿಸುವ ಮುಂಚೆ, ಮಗುವಿನ ಮಲವನ್ನು ತೊಳೆದ ಮೇಲೆ ಸಾಬೂನು ಹಚ್ಚುವದನ್ನು ಮರೆಯುವವರು ಉಂಟು. ಬಚ್ಚಲಿನಲ್ಲೊಂದು, ಒಲೆಯ ಹತ್ತಿರ ಒಂದು, ಹೀಗೆ ಎರಡು ಸಾಬೂನಿನ ತುಂಡುಗಳನ್ನಿಟ್ಟರೆ ಮರೆವು ಅರ್ಧವಾಗುವದು. ಸಾಬೂನಿನಿಂದ ಕೈ ತೊಳೆಯುವ ಮನೆಗಳಲ್ಲಿ ಮಕ್ಕಳ ಭೇದಿಯು ಸುಮಾರು ಮೂರರಲ್ಲೊಂದು ಪಾಲು ಕಡಮೆಯಾಗುವದೆಂದು ಅನೇಕ ದೇಶಗಳ ಪರೀಕ್ಷೆಗಳಿಂದ ಗೊತ್ತಾಗಿದೆ.

ಮೂರನೆಯದು ರಾತ್ರಿಯ ಅಡಿಗೆಮನೆ. ಮುಸುರೆಯನ್ನು ಬೆಳಗಿನ ವರೆಗೆ ಬಿಡುವದೆಂದರೆ ಇಲಿಗೂ ಜೊಂಡಿಗಕ್ಕೂ ಎಲೆ ಹಾಕಿದಂತೆ. ದೀಪ ಆರಿಸುವ ಮುಂಚೆ ಒಲೆಯ ಕಟ್ಟೆಯನ್ನು ಒರಸಿ ರೊಟ್ಟಿಯ ಬುಟ್ಟಿಯನ್ನು ಮುಚ್ಚುವದು ಕೆಲವೇ ನಿಮಿಷಗಳ ಕೆಲಸ. ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣೂ ಬೂದಿಯೂ ಹಳೆಯ ಗೆಳೆಯರು; ಇಂಡಿಯ ಸೀಮೆಯವರಿಗೆ ಹಿಂಡಿ ಒಗೆಯುವ ಲಿಂಬೆಯ ಸಿಪ್ಪೆಗೆ ಕೊರತೆಯೇ? ಸಾರಿಸುವ ಸಗಣಿಯ ವಿಷಯದಲ್ಲಿ ಒಂದು ಮಾತು: ಮಣ್ಣಿನ ನೆಲಕ್ಕೆ ಅದು ಧೂಳನ್ನು ಅಡಗಿಸುವದು, ಒಪ್ಪುವದು, ಗಾಯಕ್ಕಾಗಲಿ ಹಸುಗೂಸಿನ ಹೊಕ್ಕಳಕ್ಕಾಗಲಿ ಅದನ್ನು ಎಂದಿಗೂ ಮುಟ್ಟಿಸಕೂಡದು. ಧನುರ್ವಾಯುವಿನ ಬೀಜಗಳು ಅದರಲ್ಲಿರುವವು.

ಇನ್ನು ವಾರದ ಕೆಲಸಗಳು. ವಾರವೆಂಬದು ಸುಮ್ಮನೆ ಆರಿಸಿಕೊಂಡ ಅವಧಿಯಲ್ಲ. ಬೇಸಿಗೆಯ ಕಾವಿನಲ್ಲಿ ನೊಣದ ತತ್ತಿಯು ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಡೆಂಗೀ ಮತ್ತು ಚಿಕೂನ್‌ಗುನ್ಯಗಳನ್ನು ಹರಡುವ ಪಟ್ಟೆಕಾಲಿನ ಸೊಳ್ಳೆಗೂ ಹೆಚ್ಚುಕಡಮೆ ಅಷ್ಟೇ ದಿನ. ಏಳು ದಿನಗಳಿಗೊಮ್ಮೆ ಅವುಗಳ ತೊಟ್ಟಿಲನ್ನು ಕಿತ್ತೊಗೆದರೆ ಅವು ರೆಕ್ಕೆ ಬಲಿಯುವದಕ್ಕೆ ಮುಂಚೆಯೇ ನಾಶವಾಗುವವು. ಎಂಟನೆಯ ದಿನಕ್ಕೆ ಬಿಟ್ಟರೆ ಕೆಲಸ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ ಆದೀತು.

೨೦೦೬ರ ಚಿಕೂನ್‌ಗುನ್ಯದ ಹಾವಳಿಯನ್ನು ನಮ್ಮ ಸೀಮೆಯವರು ಮರೆತಿರಲಾರರು. ಆ ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಜನರಿಗೆ ಅದರ ಲಕ್ಷಣಗಳು ಕಂಡವು. ಗಟ್ಟಿ ಆಳುಗಳು ಗೋಡೆ ಹಿಡಿದು ನಡೆದರು. ಮುದುಕಿಯರು ತಿಂಗಳುಗಟ್ಟಲೆ ಕೀಲುನೋವಿನಿಂದ ನರಳಿದರು. ಆ ಸೊಳ್ಳೆಯು ಚರಂಡಿಯಲ್ಲಿ ಹುಟ್ಟಿದ್ದಲ್ಲ. ನಾವು ಕುಡಿಯಲೆಂದೂ ಬಳಸಲೆಂದೂ ತುಂಬಿಟ್ಟ ಶುದ್ಧವಾದ ನೀರಿನ ಹಂಡೆ, ಬ್ಯಾರಲ್ಲು, ತೊಟ್ಟಿಗಳಲ್ಲಿ ಹುಟ್ಟಿದ್ದು. ನಳದ ನೀರು ದಿನ ಬಿಟ್ಟು ದಿನ, ಕೆಲವೆಡೆ ಅದಕ್ಕೂ ತಡವಾಗಿ ಬರುವ ಊರುಗಳಲ್ಲಿ ನೀರು ಕೂಡಿಡುವದು ಅನಿವಾರ್ಯ. ಆದರೆ ವಾರಕ್ಕೊಮ್ಮೆ ಬರಿದು ಮಾಡಿ ಒಳಮೈಯನ್ನು ಗಸಗಸನೆ ತಿಕ್ಕಿ ತೊಳೆಯಬೇಕು. ನೀರು ಚೆಲ್ಲಿದರೆ ಮಾತ್ರ ಸಾಲದು. ಆ ಸೊಳ್ಳೆಯ ತತ್ತಿಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಬಿದ್ದೊಡನೆ ಒಡೆಯುವವು. ಹಿತ್ತಿಲಲ್ಲಿ ಬಿದ್ದ ಒಡೆದ ಗಡಿಗೆ, ಹಳೆಯ ಟಾಯರು, ತೆಂಗಿನ ಚಿಪ್ಪುಗಳನ್ನೂ ಅದೇ ದಿನ ನೋಡಿಕೊಳ್ಳಬೇಕು.

ವಾರದ ಕೆಲಸಕ್ಕೆ ಯಾವ ದಿನ? ನಿಮ್ಮ ಊರಿನ ಸಂತೆಯ ದಿನಕ್ಕೆ ಅದನ್ನು ಕಟ್ಟಿರಿ ಎಂಬದು ನಮ್ಮ ಸಲಹೆ. ಸಂತೆಯನ್ನು ಯಾರೂ ಮರೆಯುವದಿಲ್ಲ. ಸಂತೆಗೆ ಹೊರಡುವ ಮುಂಚೆ ನೀರಿನ ಪಾತ್ರೆ ತಿಕ್ಕುವದು. ಸಂತೆಯಿಂದ ಬಂದ ಮೇಲೆ, ತಂದದ್ದನ್ನು ತುಂಬುವ ಮುಂಚೆ, ಬರಿದಾದ ಡಬ್ಬಿ ಬುಟ್ಟಿಗಳನ್ನು ಒರಸುವದು. ಕೊಟ್ಟಿಗೆಯ ಸಗಣಿಯು ದಿನವೂ ತಿಪ್ಪೆಗೆ ಹೋಗಲಿ. ಆದರೆ ತಿಪ್ಪೆಯು ಅಡಿಗೆಮನೆಯ ಕಿಟಕಿಯ ಕೆಳಗಿದ್ದರೆ ಕಸವು ಮನೆಯ ಹೊರಗೆ ಹೋದಂತಾಗಲಿಲ್ಲ. ಅದನ್ನು ಊರ ಹೊರಗೆ ಅಥವಾ ಹೊಲಕ್ಕೆ ಒಯ್ಯುವದೇ ಲೇಸು. ಒಕ್ಕಲಿಗನಿಗೆ ಅದು ಗೊಬ್ಬರವಾಗಿ ಬಂಗಾರವಾಗುವದು. ಪ್ಲಾಸ್ಟಿಕ್ಕಿನ ಚೀಲಗಳನ್ನು ಮಾತ್ರ ತಿಪ್ಪೆಗೆ ಸೇರಿಸಕೂಡದು; ಅವು ಕೊಳೆಯುವದಿಲ್ಲ, ದನಗಳ ಹೊಟ್ಟೆ ಸೇರಿ ಅವುಗಳ ಪ್ರಾಣಕ್ಕೇ ಎರವಾಗುವವು.

ವರ್ಷದ ಕೆಲಸಗಳನ್ನು ನಮ್ಮ ಹಬ್ಬಗಳು ಆಗಲೇ ಗೊತ್ತುಮಾಡಿವೆ. ಅವುಗಳ ವಿಷಯದಲ್ಲಿ ಹೆಚ್ಚು ಹೇಳುವ ಅವಶ್ಯವಿಲ್ಲ. ದಿನದ್ದೂ ವಾರದ್ದೂ ನಡೆದ ಮನೆಯಲ್ಲಿ ಹಬ್ಬದ ಸ್ವಚ್ಛತೆಯು ಎರಡು ದಿನಗಳಲ್ಲಿ ಮುಗಿಯುವದು. ಹೆಂಗಸರು ಹಬ್ಬದ ದಿನ ಸೊಂಟನೋವಿನಿಂದ ಮಲಗುವ ಪ್ರಸಂಗವು ಬಾರದು.

೫. ಇದನ್ನು ಯಾರು ಮಾಡತಕ್ಕದ್ದು?

ಇಲ್ಲಿಯ ವರೆಗೆ ಓದಿದ ಪಾಲಕರು ತಲೆದೂಗಿರಬಹುದು. ಈಗ ಹೇಳುವ ಮಾತನ್ನೂ ಅಷ್ಟೇ ಸಹನೆಯಿಂದ ಕೇಳಬೇಕೆಂದು ಪ್ರಾರ್ಥಿಸುವೆವು. ಏಕೆಂದರೆ ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಇದೇ ಸಂಗತಿ. ಹಾಜರಿಯ ಪುಸ್ತಕವನ್ನು ಬಹುವರ್ಷ ನೋಡುತ್ತ ಬಂದಿರುವ ನಮಗೆ ಒಂದು ವಿಷಯವು ಚೆನ್ನಾಗಿ ಗೊತ್ತು. ಊರಿನಿಂದ ದಿನವೂ ಬಂದುಹೋಗುವ ಹುಡುಗಿಯು ಶಾಲೆ ತಪ್ಪಿಸಿದ ದಿನಗಳಲ್ಲಿ ಹಲವು, ಅವಳಿಗೆ ಬೇನೆಯಾದ ದಿನಗಳಲ್ಲ. ತಾಯಿಗೆ ಬೇನೆಯಾದ ದಿನಗಳು, ನೀರು ಬಂದ ದಿನಗಳು, ಮನೆಯಲ್ಲಿ ಸುಣ್ಣ ಬಳಿದ ದಿನಗಳು. ಅವಳ ತಮ್ಮನ ಹಾಜರಿಯಲ್ಲಿ ಅಂಥ ಖಾಲಿ ಜಾಗಗಳಿರುವದಿಲ್ಲ.

ನಿರ್ಮಲತೆಯು ಒಬ್ಬಳ ಬೆನ್ನಿನ ಮೇಲೆಯೇ ನಿಂತಿದ್ದರೆ ಅದು ರೂಢಿಯಲ್ಲ, ಅದು ಹೊರೆ. ಅವಳು ಮಲಗಿದ ದಿನ, ಇಲ್ಲವೆ ಮದುವೆಯಾಗಿ ಹೋದ ದಿನ, ಮನೆಯು ಮತ್ತೆ ಮೊದಲಿನಂತಾಗುವದು. ನಾರುಹುಣ್ಣಿನ ಬಟ್ಟೆಯ ಪಾಠವನ್ನು ನೆನೆಯಿರಿ: ಸೋಸದ ನೀರನ್ನು ಒಬ್ಬನೇ ಕುಡಿದರೂ ಅವನ ಕಾಲು ಮತ್ತೆ ಬಾವಿಯನ್ನು ಕೆಡಿಸುತ್ತಿತ್ತು. ಹಾಗೆಯೇ, ಉಂಡ ತಾಟನ್ನು ಎತ್ತಿಡದ ಒಬ್ಬ ಮಗನು ಮನೆಯವರೆಲ್ಲರ ರೂಢಿಯನ್ನು ಕೆಡಿಸುವನು. ತನ್ನ ತಾಟನ್ನು ತಾನು ಬಚ್ಚಲಿಗೊಯ್ಯುವದು, ತನ್ನ ಹಾಸಿಗೆಯನ್ನು ತಾನು ಸುತ್ತುವದು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವದು ಈ ಮೂರನ್ನು ಐದು ವರ್ಷದ ಗಂಡುಮಗುವೂ ಕಲಿಯಬಲ್ಲದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ವಸತಿಗೃಹದಲ್ಲಿ ನಾವು ಸರತಿಯ ಪಟ್ಟಿಯನ್ನು ಗೋಡೆಗೆ ಅಂಟಿಸುವೆವು; ಈ ವಾರ ನೀರು ಯಾರದು, ಅಂಗಳ ಯಾರದು, ಪಾಯಖಾನೆ ಯಾರದು ಎಂಬದನ್ನು ಯಾರೂ ಕೇಳಬೇಕಾಗಿಲ್ಲ. ಗೌಡರ ಮಗಳಿಗೂ ಕೂಲಿಯವನ ಮಗಳಿಗೂ ಎಲ್ಲ ಕೆಲಸಗಳೂ ಸರತಿಯ ಪ್ರಕಾರ ಬರುವವು. ಇದೇ ಪಟ್ಟಿಯನ್ನು ಮನೆಯ ಗೋಡೆಗೂ ಅಂಟಿಸಬಹುದು. ಅದರಲ್ಲಿ ಅಪ್ಪನ ಹೆಸರೂ ಅಣ್ಣನ ಹೆಸರೂ ಇರಲಿ. ಮುದ್ದೇಬಿಹಾಳದ ಕಡೆಯ ಪಾಲಕರೊಬ್ಬರು ಮಗಳ ಮಾತಿನ ಮೇರೆಗೆ ನೀರಿನ ಬ್ಯಾರಲ್ಲನ್ನು ತಿಕ್ಕುವದನ್ನು ತಮ್ಮ ಸರತಿಗೆ ತೆಗೆದುಕೊಂಡರು. ಓಣಿಯವರು ಮೊದಲು ನಕ್ಕರು, ಆಮೇಲೆ ಇಬ್ಬರು ಮೂವರು ಅದನ್ನೇ ಹಿಡಿದರು.

ಗುಡಿಸುವ ಕೆಲಸವು ಕೀಳೆಂಬ ಭಾವನೆಯು ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಗೆ ಒಪ್ಪತಕ್ಕದ್ದಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನೆಲ್ಲ ಕಾಯಕವೆಂದು ಎತ್ತಿಹಿಡಿದರು. ವಚನಗಳನ್ನು ರಚಿಸಿದ ಸತ್ಯಕ್ಕನ ಕಾಯಕವು ಅಂಗಳವನ್ನು ಗುಡಿಸುವದಾಗಿತ್ತೆಂದು ಹೇಳುತ್ತಾರೆ. ಕಸಬರಿಗೆಯನ್ನು ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯಿತು. ನಮ್ಮ ಹೆಣ್ಣುಮಕ್ಕಳ ಕೈಗೆ ಕಸಬರಿಗೆಯನ್ನು ಕೊಡುವವರು ಲೇಖನಿಯನ್ನು ಕಸಿದುಕೊಳ್ಳಬಾರದು ಎಂಬಷ್ಟೇ ನಮ್ಮ ಬೇಡಿಕೆ.

೬. ಹೊಸ ಮನೆಗೆ ಹೋದವರಿಗೆ

ಗಂಡನ ಮನೆಯಲ್ಲಿ ಹೊಸ ರೂಢಿಯನ್ನು ತರುವದು ಹೇಗೆಂದು ನಮ್ಮ ಮಾಜಿ ವಿದ್ಯಾರ್ಥಿನಿಯರು ಆಗಾಗ್ಗೆ ಕೇಳುವರು. ನಮ್ಮ ಉತ್ತರ ಹೀಗೆ: ಹೋದ ವಾರವೇ ಅತ್ತೆಯವರ ಅಡಿಗೆಮನೆಯನ್ನು ತಿದ್ದಲು ಹೊರಡಬೇಡಿರಿ. ಅವರ ರೂಢಿಗಳಲ್ಲಿ ಒಳ್ಳೆಯದನ್ನು ಮೊದಲು ಹುಡುಕಿರಿ. ಅದು ಖಂಡಿತವಾಗಿ ಇರುವದು. ಆಮೇಲೆ ನಿಮ್ಮ ಕೈಯಳತೆಯಲ್ಲಿರುವ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು, ಯಾರನ್ನೂ ಹೀಯಾಳಿಸದೆ, ಎರಡು ತಿಂಗಳ ಪರ್ಯಂತ ನಡೆಸಿರಿ. ಹರಿವಿಗೆ ಮುಚ್ಚಳವೂ ಸೌಟೂ ಬಂದ ಮೇಲೆ ಕೂಸಿಗೆ ಭೇದಿಯು ಕಡಮೆಯಾದುದನ್ನು ಕಂಡ ಅತ್ತೆಯವರು ತಾವೇ ನೆರೆಮನೆಯವರಿಗೆ ಹೇಳತೊಡಗುವರು. ಹಿರಿಯರು ಒಪ್ಪಿದ ರೂಢಿಯು ಮನೆತನದ ರೂಢಿಯಾಗುವದು. ಅದಕ್ಕೆ ಆಮೇಲೆ ಕಾವಲು ಬೇಡ. ಇನ್ನು ಅತ್ತೆಯರಾಗಿರುವವರಿಗೆ ನಮ್ಮದೊಂದು ವಿನಂತಿ: ಸೊಸೆಯು ಸಾಬೂನು ಕೇಳಿದರೆ ಕಪಾಟಿನ ಕೀಲಿಕೈ ಕೊಡಿರಿ.

ಒಟ್ಟಿನಲ್ಲಿ, ಚಿಕ್ಕ ಕೆಲಸ, ಗೊತ್ತಾದ ಹೊತ್ತು, ಕೈಗೆಟಕುವ ಸಾಧನ, ಎಲ್ಲರ ಪಾಲು ಈ ನಾಲ್ಕನ್ನು ಬಿಡದೆ ಹಿಡಿದ ಮನೆಯಲ್ಲಿ ನಿರ್ಮಲತೆಯು ಅತಿಥಿಯಂತೆ ಹಬ್ಬಕ್ಕೆ ಬಂದುಹೋಗದೆ ಮನೆಯ ಮಗಳಂತೆ ನೆಲಸುವದು. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಪಾಲಕರು ತಮ್ಮ ಮನೆಯ ಗೋಡೆಯಲ್ಲಿ ಒಂದು ಮೊಳೆ ಹೊಡೆದು, ಸರತಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಮೊದಲು ಬರೆದರೆ ನಮ್ಮ ಬರವಣಿಗೆಯು ಸಾರ್ಥಕವಾಯಿತು. ಬರುವ ವರ್ಷದ ಹಾಜರಿಯ ಪುಸ್ತಕದಲ್ಲಿ ಅದರ ಫಲವನ್ನು ನಾವು ಕಾಣುವೆವೆಂದು ನಂಬಿರುವೆವು.